ನಿಮಗಿದು ಗೊತ್ತೇ? ಇಂಗ್ಲಿಷಿನ ತಪ್ಪಿನೊಳಗೂ ಕನ್ನಡದ ವ್ಯಾಕರಣ

ಹುಬ್ಬಳ್ಳಿಯ ಕೇಶ್ವಾಪುರದ ಮಗ್ಗುಲಿಗೇ ಗದಗ ರಸ್ತೆ. 2003ರಲ್ಲಿ ಆರಂಭವಾದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದು ಅಲ್ಲಿಯೇ. ಕೆಲಸದ ಕನಸು ಹೊತ್ತ ಈ ಭಾಗದ ಹುಡುಗ ಹುಡುಗಿಯರ ಅಳಲು ಮಾತ್ರ ಒಂದೇ: "ಇಂಗ್ಲಿಷ್ ಬರಿಯಾಕ ಬರ್ತೈತ್ರೀ, ಮಾತಾಡಾಕ ಬಾಯಿ ಬರಂಗಿಲ್ಲ." ನಾಚುವ ಕಾರಣವಿಲ್ಲ. ಮಾತಾಡುವಾಗ ಆಗುವ ತಪ್ಪುಗಳಿಗೂ ಒಂದು ಲೆಕ್ಕವಿದೆ.

'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಎಂಬ ವಾಕ್ಯ ಎಲ್ಲಿಂದ ಬಂತು ಗೊತ್ತೇ? ನಮ್ಮ 'ಇಂದ' ಪ್ರತ್ಯಯದಿಂದ! 'ಸೋಮವಾರದಿಂದ', 'ಎರಡು ವರ್ಷದಿಂದ' ಎರಡಕ್ಕೂ ನಮಗೆ ಅದೊಂದೇ ಸಾಕು. ಇಂಗ್ಲಿಷಿನಲ್ಲಿ ಶುರುವಾದ ಗಳಿಗೆಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ಸಿನ್ಸ್ ಮಂಡೇ, ಫಾರ್ ಟೂ ಇಯರ್ಸ್. ಕ್ರಿಯಾಪದವೂ ಬದಲಾಗಿ 'ಐ ಹ್ಯಾವ್ ಬೀನ್ ವರ್ಕಿಂಗ್' ಆಗಬೇಕು. ಇದೊಂದನ್ನು ತಿದ್ದಿಕೊಂಡರೂ ಇಂಟರ್‌ವ್ಯೂದಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕನ್ನಡದಲ್ಲಿ ಯಾವ ಮಾತಿನ ಕೊನೆಗೂ 'ಹೌದಿಲ್ಲೋ?' ಎಂದು ಕೇಳಬಹುದು, ನಡೆಯುತ್ತದೆ. ಎಲ್ಲಕ್ಕೂ 'ಈಸಿಂಟ್ ಇಟ್?' ಅಂಟಿಸುವ ಅಭ್ಯಾಸ ಬಂದದ್ದು ಹಾಗೆ. 'ಯು ಆರ್ ಕಮಿಂಗ್' ಎಂದ ಮೇಲೆ 'ಆರಿಂಟ್ ಯು?' ಎಂದೇ ಕೇಳಬೇಕು.

'ಎಗ್' ಅನ್ನು 'ಯೆಗ್', 'ಓನ್ಲಿ'ಯನ್ನು 'ವೋನ್ಲಿ' ಎನ್ನುವುದು ದಡ್ಡತನವಲ್ಲ. 'ಎಲೆ'ಯನ್ನು 'ಯೆಲೆ', 'ಒಂದು' ಎಂಬುದನ್ನು 'ವಂದು' ಮಾಡುವ ರೂಢಿಯೇ ಅಲ್ಲೂ ನುಸುಳುತ್ತದೆ. 

ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿದು 'ಪಿನ್' ಎನ್ನಿ. ಇಂಗ್ಲಿಷ್ ಮನೆಮಾತಿನವರು ಹೇಳಿದರೆ ಪಟ್ಟಿ ಪಟಕ್ಕನೆ ಹಾರುತ್ತದೆ. 'ಸ್ಪಿನ್' ಎಂದಾಗ ಅಷ್ಟಾಗಿ ಅಲುಗುವುದಿಲ್ಲ. ಪದದ ಮೊದಲಿಗೆ ಬರುವ ಅವರ 'ಪ' ನಮ್ಮ 'ಫಲ'ದ ಮಹಾಪ್ರಾಣಕ್ಕೆ ಹತ್ತಿರ ('ಫ್ಯಾನ್'ನ ಸದ್ದು ಬೇರೆ). ಅಲ್ಪಪ್ರಾಣ, ಮಹಾಪ್ರಾಣಗಳಿಗೆ ಬೇರೆ ಬೇರೆ ಅಕ್ಷರ ಇಂಗ್ಲಿಷಿನಲ್ಲಿಲ್ಲ, ನಮ್ಮಲ್ಲಿವೆ. ವರ್ಣಮಾಲೆ ಗಟ್ಟಿಯಾಗಿ ಕಲಿತ ಮಗುವಿಗೆ ಇದು ಎಂಥ ಅನುಕೂಲ!

'ರೆಕಾರ್ಡ್' ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯದಕ್ಕೆ. ಒತ್ತು ಜಾರಿದರೆ, ಪದ ಸರಿಯಿದ್ದರೂ ಕೇಳುವವರು "ಏನಂದಿರಿ?" ಎನ್ನುತ್ತಾರೆ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ 1917ರಲ್ಲೇ ಇಂಥ ಒತ್ತುಗಳನ್ನು ತೋರಿಸುವ, ಡೇನಿಯಲ್ ಜೋನ್ಸ್ ಅವರ ಇಂಗ್ಲಿಷ್ ಉಚ್ಚಾರಣಾ ಕೋಶವೂ ಹೊರಬಂತು.

ಆ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ, ಚರ್ಚೆಗೆ ಹೆಸರಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೇ ಆದರು. ಎಂಥ ಹೆಮ್ಮೆಯ ಮಾತಿದು!

ಡಿಕ್ಷನರಿ ಬಾಯಿಪಾಠ ಮಾಡುವವರು ಇದನ್ನು ಓದಲೇಬೇಕು. ಢಾಕಾದಲ್ಲಿ ಮೇಷ್ಟರಾಗಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಬಳಕೆಯ ಪದಪಟ್ಟಿಯಲ್ಲಿ ಇದ್ದದ್ದು ಸುಮಾರು 2,000 ಪದ. ಸಿ.ಕೆ. ಆಗ್ಡನ್ ಅವರ 1930ರ 'ಬೇಸಿಕ್ ಇಂಗ್ಲಿಷ್' ಪಟ್ಟಿಯಲ್ಲಂತೂ 850. ಗೊತ್ತಿರುವ 'ಗೆಟ್', 'ಟೇಕ್', 'ಪುಟ್'ಗಳನ್ನೇ ಹತ್ತು ಬಗೆಯಲ್ಲಿ ಆಡಿ ನೋಡಿ. ಹೊಸ ಪದ ಆಮೇಲೆ.

ಇನ್ನು ಅಭ್ಯಾಸ. ನಿಮ್ಮ ಎರಡು ನಿಮಿಷದ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಲ್ಲ ತಪ್ಪನ್ನೂ ಒಮ್ಮೆಗೇ ಹಿಡಿಯಹೋದರೆ ನಾಲಿಗೆ ಮತ್ತೆ ಕಟ್ಟುತ್ತದೆ. ಈ ವಾರ 'ಸಿನ್ಸ್' ಮಾತ್ರ ನೋಡಿ, ಮುಂದಿನ ವಾರ 'ಯೆಗ್'.