ಕೈಯಲ್ಲಿ ಕಸುಬು, ಕಾಗದದಲ್ಲಿ ಗಂಟೆ

ನಮ್ಮ ಮನೆಗಳ ಸ್ವಿಚ್ ಬೋರ್ಡ್ ಬಿಚ್ಚಿದರೆ ಕಪ್ಪು ವೈರ್ ಎಂದರೆ ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಫೇಸ್, ಹಸಿರು ಅರ್ತಿಂಗ್. ಐಟಿಐ ಸೇರಿದ ಹೊಸತರಲ್ಲೇ ಹುಡುಗರಿಗೆ ಇದು ಬಾಯಿಪಾಠವಾಗುತ್ತದೆ. ಕೆನಡಾದ ಮನೆಯಲ್ಲಿ ಅದೇ ಕಪ್ಪು ವೈರ್‌ನಲ್ಲಿ ಕರೆಂಟ್ ಹರಿಯುತ್ತಿರುತ್ತದೆ, ನ್ಯೂಟ್ರಲ್ ಬಿಳಿ. ಅಲ್ಲಿನ ಪ್ಲಗ್ ಪಾಯಿಂಟ್‌ಗೆ ಬರುವುದು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ನಾವು ವೈರ್ ಕೊಳ್ಳುವಾಗ ಒಂದೂವರೆ ಎಂಎಂ, ಎರಡೂವರೆ ಎಂಎಂ ಎಂದು ಕೇಳುತ್ತೇವೆ. ಅಲ್ಲಿ ಗೇಜ್ ಲೆಕ್ಕ, ಸಂಖ್ಯೆ ದೊಡ್ಡದಾದಷ್ಟೂ ವೈರ್ ತೆಳ್ಳಗಾಗುತ್ತದೆ. ಇಟ್ಟಿಗೆ ಗೋಡೆ ಕೊರೆದು, ಪೈಪ್ ಕೂರಿಸಿ, ಮೇಲೆ ಸಿಮೆಂಟ್ ಮೆತ್ತುವ ಕೆಲಸ ಅಲ್ಲಿನ ಮನೆಗಳಲ್ಲಿ ಸಿಗುವುದು ಅಪರೂಪ. ಮರದ ಚೌಕಟ್ಟಿಗೆ ರಂಧ್ರ ಕೊರೆದು ಕೇಬಲ್ ಎಳೆಯುತ್ತಾರೆ, ಸ್ಟೇಪಲ್ ಹೊಡೆದು ನಿಲ್ಲಿಸುತ್ತಾರೆ, ಆಮೇಲೆ ಅದರ ಮೇಲೆ ಜಿಪ್ಸಂ ಹಲಗೆ ಬರುತ್ತದೆ.

ಹದಿನೈದು ವರ್ಷ ವೈರಿಂಗ್ ಮಾಡಿದವರಿಗೆ ಇದರಲ್ಲಿ ಕಲಿಯಲಾಗದ್ದು ಏನೂ ಇಲ್ಲ. ಅಲ್ಲಿನ ಕೆಲಸ ಬಲ್ಲವರೊಬ್ಬರು ಕೆಲವು ತಿಂಗಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಕೈ ಹೊಂದಿಕೊಳ್ಳುತ್ತದೆ. ಆದರೆ ಪಕ್ಕದಲ್ಲಿ ನಿಲ್ಲುವ ಆ ಒಬ್ಬರನ್ನು ದಕ್ಕಿಸಿಕೊಳ್ಳುವುದೇ ವಲಸೆ ಹೋದ ಕುಶಲಕರ್ಮಿಗಳಿಗೆ ದೊಡ್ಡ ಹೋರಾಟವಾಗಿದೆ.

ಟೊರಾಂಟೊ ನಗರವಿರುವ ಒಂಟಾರಿಯೊ ಪ್ರಾಂತ್ಯವನ್ನೇ ನೋಡೋಣ. ಅಲ್ಲಿ 140ಕ್ಕೂ ಹೆಚ್ಚು ಕಸುಬುಗಳನ್ನು ಸರ್ಕಾರ ಅಧಿಕೃತವಾಗಿ ಗುರುತಿಸಿದೆ. ಇವುಗಳಲ್ಲಿ 23 ಕಸುಬುಗಳಿಗೆ ಪರವಾನಗಿ ಕಡ್ಡಾಯ. ಎಲೆಕ್ಟ್ರಿಷಿಯನ್, ಪ್ಲಂಬರ್, ಕಾರ್ ಮೆಕ್ಯಾನಿಕ್, ಎಸಿ–ಫ್ರಿಜ್ ಮೆಕ್ಯಾನಿಕ್ ಎಲ್ಲರೂ ಈ ಪಟ್ಟಿಗೆ ಸೇರುತ್ತಾರೆ. ಪೂರ್ಣ ಪರವಾನಗಿ ಇರಬೇಕು, ಇಲ್ಲವೇ ಅಪ್ರೆಂಟಿಸ್ ಆಗಿ ಹೆಸರು ನೋಂದಾಯಿಸಿರಬೇಕು. ಎರಡೂ ಇಲ್ಲದೆ ಕೆಲಸಕ್ಕೆ ಕೈ ಹಾಕಿದರೆ ದಂಡ. ವೆಲ್ಡರ್, ಬಡಗಿ, ಗಾರೆ ಕೆಲಸದವರಿಗೆ ಈ ಕಟ್ಟುಪಾಡಿಲ್ಲವಾದರೂ ಒಳ್ಳೆಯ ಸಂಬಳ ಬೇಕಾದರೆ ಅವರೂ ಒಂದು ಸರ್ಟಿಫಿಕೇಟ್ ತೋರಿಸಬೇಕಾಗುತ್ತದೆ. 2022ರ ಜನವರಿಯಿಂದ ಈ ಪರವಾನಗಿಗಳ ಜವಾಬ್ದಾರಿ ಹೊತ್ತಿರುವುದು ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಎಂಬ ಸಂಸ್ಥೆ.

ಕಡ್ಡಾಯದ ಪಟ್ಟಿಯಲ್ಲಿ ಕೂದಲು ಕತ್ತರಿಸುವ ಕೆಲಸವೂ ಇದೆ ಎಂದರೆ ನಮ್ಮಲ್ಲಿ ಹಲವರಿಗೆ ಅಚ್ಚರಿಯಾದೀತು. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಹತ್ತು ವರ್ಷ ಬ್ಯೂಟಿ ಪಾರ್ಲರ್ ನಡೆಸಿದ ಹೆಣ್ಣುಮಗಳು ಗಂಡನ ಜೊತೆ ಟೊರಾಂಟೊಗೆ ಹೋದರೆ, ಪರವಾನಗಿ ಸಿಗುವವರೆಗೆ ದುಡ್ಡು ಪಡೆದು ಒಬ್ಬರ ಕೂದಲನ್ನೂ ಕತ್ತರಿಸುವಂತಿಲ್ಲ. ಆ ಕಸುಬಿನ ಅಪ್ರೆಂಟಿಸ್‌ಷಿಪ್‌ಗೆ ನಿಗದಿಯಾಗಿರುವುದು ಸುಮಾರು 3500 ಗಂಟೆ. ಎಲೆಕ್ಟ್ರಿಷಿಯನ್‌ಗೆ ಸುಮಾರು 9000 ಗಂಟೆ, ಅಂದರೆ ಹೆಚ್ಚುಕಡಿಮೆ ಐದು ವರ್ಷ.

ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲವೇ? ಇದೆ. ಬೇರೆ ದೇಶದಲ್ಲಿ ಕಲಿತವರು ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ‘ಟ್ರೇಡ್ ಈಕ್ವಿವೆಲೆನ್ಸಿ ಅಸೆಸ್‌ಮೆಂಟ್’ ಎಂಬ ತತ್ಸಮಾನ ಪರಿಶೀಲನೆಗೆ ಅರ್ಜಿ ಹಾಕಿ, ತಮ್ಮ ಅನುಭವ ಅಲ್ಲಿನ ಅಪ್ರೆಂಟಿಸ್‌ಷಿಪ್‌ಗೆ ಸಮ ಎಂದು ತೋರಿಸಿಕೊಟ್ಟರೆ ನೇರವಾಗಿ ಪರವಾನಗಿ ಪರೀಕ್ಷೆಗೆ ಕೂರಬಹುದು. ಪಾಸಾದರೆ ಪೂರ್ಣ ಪರವಾನಗಿ. ‘ರೆಡ್ ಸೀಲ್’ ಮುದ್ರೆ ಇರುವ ಕಸುಬಾದರೆ ಆ ಸರ್ಟಿಫಿಕೇಟ್‌ಗೆ ಕೆನಡಾದ ಎಲ್ಲ ಪ್ರಾಂತ್ಯಗಳಲ್ಲೂ ಮಾನ್ಯತೆ ಇದೆ.

ನಮ್ಮವರು ಎಡವುವುದು ಈ ತೋರಿಸಿಕೊಡುವ ಕೆಲಸದಲ್ಲಿ. ದಾವಣಗೆರೆಯಲ್ಲಿ ಐಟಿಐ ಮುಗಿಸಿ, ಬೆಂಗಳೂರಿನ ಕಂಟ್ರಾಕ್ಟರ್‌ಗಳ ಕೈಕೆಳಗೆ ದುಡಿದು, ಅಪಾರ್ಟ್‌ಮೆಂಟ್ ಮೇಲೆ ಅಪಾರ್ಟ್‌ಮೆಂಟ್ ವೈರಿಂಗ್ ಮಾಡಿದ ಒಬ್ಬರನ್ನು ಊಹಿಸಿಕೊಳ್ಳಿ. ಶನಿವಾರ ಬಟವಾಡೆ, ಅದೂ ನಗದಿನಲ್ಲಿ. ಹಾಜರಿ ಪುಸ್ತಕ ಮೇಸ್ತ್ರಿಯ ಜೇಬಿನಲ್ಲಿ. ಒಂದು ಸೈಟ್ ಮುಗಿದರೆ ಮೇಸ್ತ್ರಿಯೂ ಬದಲು, ಮಾಲೀಕರೂ ಬದಲು. ಅವರು ಇಪ್ಪತ್ತು ಸಾವಿರ ಗಂಟೆ ದುಡಿದಿರಬಹುದು, ಆದರೆ ಒಂದು ಗಂಟೆಗೂ ಚೀಟಿಯಿಲ್ಲ. ಒಂಟಾರಿಯೊ ಕೇಳುವುದು ಕಂಪನಿಯ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಒಟ್ಟು ಎಷ್ಟು ಗಂಟೆ, ಯಾವ ಯಾವ ಕೆಲಸ ಎಂಬುದೆಲ್ಲ ಅದರಲ್ಲಿರಬೇಕು. ‘ಇವರು ನಮ್ಮಲ್ಲಿ ಐದು ವರ್ಷ ಕೆಲಸ ಮಾಡಿದ್ದಾರೆ, ನಡತೆ ಉತ್ತಮ’ ಎಂದು ಎರಡು ಸಾಲು ಬರೆದು ಸೀಲು ಒತ್ತಿದ ನಮ್ಮ ವಾಡಿಕೆಯ ಸರ್ಟಿಫಿಕೇಟ್‌ನಿಂದ ಅಲ್ಲಿ ಏನೂ ಆಗದು. ಗಲ್ಫ್ ದೇಶಗಳ ದೊಡ್ಡ ಕಂಪನಿಗಳಲ್ಲಿ ದುಡಿದ ಕರಾವಳಿಯವರಿಗೆ ಈ ವಿಷಯದಲ್ಲಿ ತುಸು ಅನುಕೂಲ. ಅಲ್ಲಿ ಒಪ್ಪಂದದ ಪತ್ರ, ಸಂಬಳದ ದಾಖಲೆ, ಹುದ್ದೆಯ ಹೆಸರು ಕಾಗದದ ಮೇಲೆ ಉಳಿದಿರುತ್ತವೆ.

ಪರಿಶೀಲನೆ ದಾಟಿದರೆ ಪರೀಕ್ಷೆ. ರೆಡ್ ಸೀಲ್ ಪರೀಕ್ಷೆಯಲ್ಲಿ 100ರಿಂದ 150 ಪ್ರಶ್ನೆಗಳಿರುತ್ತವೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು. ಪಾಸಾಗಲು ಶೇ 70 ಅಂಕ ಬೇಕು. ಪ್ರಶ್ನೆಯ ಇಂಗ್ಲಿಷ್ ಸಲೀಸಾಗಿ ಓದಿಕೊಳ್ಳಲು ಬರಬೇಕು, ಎಲೆಕ್ಟ್ರಿಕಲ್ ಕೋಡ್‌ನ ಯಾವ ನಿಯಮ ಎಲ್ಲಿದೆ ಎಂದು ಗೊತ್ತಿರಬೇಕು. ಫಾಲ್ಟ್ ಎಲ್ಲಿದೆ ಎಂದು ಹತ್ತು ನಿಮಿಷದಲ್ಲಿ ಹಿಡಿಯುವ ಕೈ ಈ ಪ್ರಶ್ನೆಪತ್ರಿಕೆಯ ಮುಂದೆ ತಡವರಿಸುವುದು ಸಹಜ. ಹಾಗಾಗಿಯೇ ಅಲ್ಲಿನ ಕಾಲೇಜುಗಳೂ ಕಾರ್ಮಿಕ ಸಂಘಗಳ ತರಬೇತಿ ಕೇಂದ್ರಗಳೂ ಪರೀಕ್ಷೆಗೆ ಸಿದ್ಧಗೊಳಿಸುವ ತರಗತಿಗಳನ್ನು ನಡೆಸುತ್ತವೆ. ಹಗಲು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ, ಸಂಜೆ ಈ ತರಗತಿಗೆ ಹೋಗಿ ಕೂರುವವರಿಗೆ ಅದೊಂದು ದೊಡ್ಡ ಆಸರೆ.

ಪತ್ರಗಳು ಸಾಲದಿದ್ದರೆ ಉಳಿಯುವ ದಾರಿ ಅಪ್ರೆಂಟಿಸ್‌ಷಿಪ್. ಅದಕ್ಕೊಬ್ಬ ಪ್ರಾಯೋಜಕ ಬೇಕು, ಅಂದರೆ ‘ಇವರನ್ನು ನನ್ನ ಕೈಕೆಳಗೆ ಇಟ್ಟುಕೊಳ್ಳುತ್ತೇನೆ’ ಎಂದು ಸಹಿ ಹಾಕುವ ಮಾಲೀಕ ಬೇಕು. ಒಂಟಾರಿಯೊದ ಹಲವು ಕಸುಬುಗಳಲ್ಲಿ ಪರವಾನಗಿ ಇರುವ ಒಬ್ಬ ಕೆಲಸಗಾರನಿಗೆ ಒಬ್ಬನೇ ಅಪ್ರೆಂಟಿಸ್ ಎಂಬ ಮಿತಿ ಇದೆ. ಇಬ್ಬರೋ ಮೂವರೋ ಇರುವ ಸಣ್ಣ ಕಂಟ್ರಾಕ್ಟರ್ ಬಳಿ ಜಾಗ ಎಷ್ಟಿದ್ದೀತು? ಇರುವ ಒಂದು ಜಾಗಕ್ಕೆ ಆತ ಗುರುತು ಪರಿಚಯದ ಹುಡುಗನನ್ನೇ ಕರೆಯುತ್ತಾನೆ. ಹೊಸಬರಿಗೆ ಎದುರಾಗುವ ಮೊದಲ ಪ್ರಶ್ನೆ ‘ಕೆನಡಾದಲ್ಲಿ ಅನುಭವ ಇದೆಯಾ?’ ಎಂಬುದು. ಕೆಲಸ ಕೊಡದೆ ಅನುಭವ ಬರುವುದು ಹೇಗೆ, ಅನುಭವ ಇಲ್ಲದೆ ಕೆಲಸ ಕೊಡುವವರು ಯಾರು?

ಕೆನಡಾ ಅನುಭವದ ಪ್ರಶ್ನೆ ಕೇಳುವುದನ್ನೇ ತಪ್ಪಿಸಲು ಒಂಟಾರಿಯೊ ಸರ್ಕಾರ ಕಾನೂನು ತಂದಿದೆ. ಕಡ್ಡಾಯ ಕಸುಬುಗಳ ಪರವಾನಗಿಗೆ ಕೆನಡಾ ಅನುಭವ ಬೇಕೆನ್ನುವ ಷರತ್ತನ್ನು 2023ರ ಡಿಸೆಂಬರ್‌ನಲ್ಲಿ ತೆಗೆದುಹಾಕಲಾಯಿತು. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ಜಾಹೀರಾತಿನಲ್ಲಿ ಆ ಮಾತು ಬರೆಯುವಂತಿಲ್ಲ ಎಂಬ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ. ಆದರೆ ಜಾಹೀರಾತನ್ನೇ ಕೊಡದೆ, ಬಾಯಿಂದ ಬಾಯಿಗೆ ಹೇಳಿ ಹುಡುಗರನ್ನು ಹುಡುಕುವ ಸಣ್ಣ ಕಂಟ್ರಾಕ್ಟರ್‌ನ ಮನಸ್ಸನ್ನು ಕಾನೂನು ತಲುಪಲಾರದು.

ಅಲ್ಲಿಗೆ ತಲುಪುವುದು ನಡುವೆ ನಿಂತು ಪರಿಚಯ ಮಾಡಿಸುವವರು. ಒಂಟಾರಿಯೊದಲ್ಲಿ ‘ಪ್ರಿ–ಅಪ್ರೆಂಟಿಸ್‌ಷಿಪ್’ ಎಂಬ ಉಚಿತ ತರಬೇತಿ ಇದೆ, ಖರ್ಚು ಸರ್ಕಾರದ್ದು. ಸುರಕ್ಷತೆಯ ಪಾಠ, ಕಸುಬಿನ ಮೊದಲ ಹಂತದ ತರಗತಿ ಮುಗಿಸಿದ ಮೇಲೆ ಕೆಲವು ವಾರ ನಿಜವಾದ ಸೈಟಿಗೆ ಕಳಿಸುತ್ತಾರೆ. ಕಟ್ಟಡದ ಕೆಲಸಕ್ಕೆ ಹೋಗುವವರು ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿಯ ಕಾರ್ಡ್ ತೋರಿಸಬೇಕು, ಹಸಿರು ತ್ರಿಕೋನದ ಗುರುತಿರುವ ಸುರಕ್ಷತಾ ಬೂಟು ಹಾಕಿರಬೇಕು. ಇಂಥ ಸಣ್ಣ ಸಂಗತಿಗಳು ಹೊಸಬರಿಗೆ ಹೇಳುವವರಿಲ್ಲದೆ ಗೊತ್ತಾಗುವುದಿಲ್ಲ. ಸೈಟಿನಲ್ಲಿ ಕಳೆಯುವ ಆ ಕೆಲವು ವಾರಗಳೇ ಈ ತರಬೇತಿಯ ಜೀವಾಳ. ಅರ್ಜಿಯಲ್ಲಿ ಕಾಣದ ಕೈಚಳಕ ಅಲ್ಲಿ ಮಾಲೀಕನ ಕಣ್ಣಿಗೆ ಬೀಳುತ್ತದೆ. ಟೊರಾಂಟೊದ ಸ್ಕಿಲ್ಸ್ ಫಾರ್ ಚೇಂಜ್, ಆಕ್ಸೆಸ್ ಎಂಪ್ಲಾಯ್‌ಮೆಂಟ್‌ನಂಥ ಸಂಸ್ಥೆಗಳು ಹೊಸಬರಿಗೆ ಅರ್ಜಿ ಬರೆಯುವುದರಿಂದ ಹಿಡಿದು ಮಾಲೀಕರನ್ನು ಭೇಟಿ ಮಾಡಿಸುವವರೆಗೆ ಜೊತೆಗಿರುತ್ತವೆ.

ಹಣದ ಮಾತು ಬಂದಾಗ ವಿಂಡ್‌ಮಿಲ್ ಮೈಕ್ರೊಲೆಂಡಿಂಗ್ ಎಂಬ ದತ್ತಿ ಸಂಸ್ಥೆಯನ್ನು ಹೆಸರಿಸಬೇಕು. ಹೊಸದಾಗಿ ಬಂದವರಿಗೆ ಅಲ್ಲಿನ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಸಾಲ ತೀರಿಸಿದ ಚರಿತ್ರೆ ಅವರಿಗೆ ಇರುವುದಿಲ್ಲವಲ್ಲ. ಪರೀಕ್ಷೆಯ ಶುಲ್ಕ, ತರಗತಿ, ಪುಸ್ತಕ, ಓದುವ ದಿನಗಳ ಮನೆಖರ್ಚಿಗೆಂದು ಈ ಸಂಸ್ಥೆ 15,000 ಡಾಲರ್‌ವರೆಗೆ ಸಾಲ ನೀಡುತ್ತದೆ. ಅಪ್ರೆಂಟಿಸ್ ಆಗಿ ನೋಂದಾಯಿಸಿಕೊಂಡ ಕಾಯಂ ನಿವಾಸಿಗಳಿಗೆ, ಕಸುಬು ರೆಡ್ ಸೀಲ್ ಪಟ್ಟಿಯದಾದರೆ, ತರಗತಿಯ ಪ್ರತಿ ಅವಧಿಗೆ 4,000 ಡಾಲರ್‌ವರೆಗೆ ಬಡ್ಡಿಯಿಲ್ಲದ ಸಾಲ ಕೆನಡಾದ ಕೇಂದ್ರ ಸರ್ಕಾರದಿಂದಲೂ ಸಿಗುತ್ತದೆ. ನಲವತ್ತು ದಾಟಿದ, ಶಾಲೆಗೆ ಹೋಗುವ ಮಕ್ಕಳಿರುವ ಒಬ್ಬ ಪ್ಲಂಬರ್‌ಗೆ ಈ ಸಾಲ ಎಂದರೆ ಕಸುಬಿಗೆ ಮರಳುವ ಅವಕಾಶ. ಇಲ್ಲದಿದ್ದರೆ ಟ್ಯಾಕ್ಸಿಯ ಸ್ಟೇರಿಂಗ್ ಹಿಡಿದ ಕೈ ಮತ್ತೆ ಪೈಪ್ ರೆಂಚ್ ಹಿಡಿಯುವುದು ಕಷ್ಟ.

ಕೆನಡಾಕ್ಕೆ ಇವರ ಅಗತ್ಯ ಇಲ್ಲವೆಂದಲ್ಲ. ಅಲ್ಲಿನ ನಿರ್ಮಾಣ ಕ್ಷೇತ್ರದ ಅಂದಾಜು ಮಾಡುವ ಬಿಲ್ಡ್‌ಫೋರ್ಸ್ ಕೆನಡಾ ಪ್ರಕಾರ, ಹತ್ತು ವರ್ಷಗಳಲ್ಲಿ ಆ ಕ್ಷೇತ್ರದ ಸುಮಾರು ಐವರಲ್ಲಿ ಒಬ್ಬರು ನಿವೃತ್ತರಾಗಲಿದ್ದಾರೆ. ಕುಶಲಕರ್ಮಿಗಳಿಗೆಂದೇ ಪ್ರತ್ಯೇಕ ವಲಸೆ ಯೋಜನೆಯನ್ನು ಆ ದೇಶ 2013ರಲ್ಲೇ ಶುರು ಮಾಡಿತು. ಒಂದು ಕಡೆ ಮನೆ ಕಟ್ಟಲು ಜನ ಸಿಗದೆ ಕಂಟ್ರಾಕ್ಟರ್ ಕೈಚೆಲ್ಲಿ ಕೂತಿರುತ್ತಾನೆ, ಅದೇ ಊರಿನ ಗೋದಾಮಿನಲ್ಲಿ ನುರಿತ ಎಲೆಕ್ಟ್ರಿಷಿಯನ್ ಪೆಟ್ಟಿಗೆ ಎತ್ತುತ್ತಿರುತ್ತಾನೆ. ಒಂಟಾರಿಯೊದ ವ್ಯವಸ್ಥೆಯಲ್ಲಿರುವ ಮುಖ್ಯ ಕೊರತೆ ಎದ್ದು ಕಾಣುವುದು ಇಲ್ಲಿಯೇ. ಮೊದಲು ಪತ್ರ ನೋಡುತ್ತಾರೆ, ಆಮೇಲೆ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಆ ಎಲೆಕ್ಟ್ರಿಷಿಯನ್ ಕೆಲಸ ಮಾಡುವುದನ್ನು ನಿಂತು ನೋಡುವವರು ಮಾತ್ರ ಯಾರೂ ಇಲ್ಲ.

ಜರ್ಮನಿ ಅದನ್ನು ಮಾಡಿ ತೋರಿಸಿದೆ. ಬೇರೆ ದೇಶದಲ್ಲಿ ಕಲಿತ ಕಸುಬಿಗೆ ಮಾನ್ಯತೆ ಕೊಡುವ ಕಾಯ್ದೆ ಅಲ್ಲಿ 2012ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ದಾಖಲೆ ಕಳೆದುಹೋಗಿದ್ದರೆ ಅಥವಾ ತಮ್ಮ ತಪ್ಪಿಲ್ಲದೆ ತರಲಾಗದಿದ್ದರೆ, ಕೌಶಲವನ್ನು ಕೈಯಾರೆ ತೋರಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಕಸುಬಿನ ಪರಿಣತರೊಬ್ಬರ ಎದುರು ಒಂದು ಕೆಲಸ ಮಾಡಿ ತೋರಿಸಬೇಕು, ಹೀಗೇಕೆ ಮಾಡಿದೆ ಎಂದು ವಿವರಿಸಬೇಕು. ಎಲ್ಲವೂ ಸಮ ಇಲ್ಲದಿದ್ದರೂ ಅರ್ಜಿ ಬಿದ್ದುಹೋಗುವುದಿಲ್ಲ. ಯಾವ ಭಾಗ ಕಡಿಮೆ ಇದೆ ಎಂದು ಬರೆದುಕೊಡುತ್ತಾರೆ, ಅಷ್ಟನ್ನು ಕಲಿತರೆ ಸಾಕು. 2024ರ ಮಾರ್ಚ್‌ನಿಂದ ಇನ್ನೊಂದು ಅನುಕೂಲವಾಗಿದೆ. ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡವರು ಮೊದಲು ಜರ್ಮನಿಗೆ ಹೋಗಿ, ಕೆಲಸ ಮಾಡುತ್ತಲೇ ಮಾನ್ಯತೆಯ ಪ್ರಕ್ರಿಯೆ ಮುಗಿಸಬಹುದು. ಜರ್ಮನ್ ಭಾಷೆ ಕಲಿಯುವ ಶ್ರಮ ಬೇರೆ ಇದ್ದೇ ಇದೆ. ಆದರೂ ಕಾಗದವಿಲ್ಲದ ಕೈಗಳಿಗೆ ಒಂದು ಬಾಗಿಲು ತೆರೆದಿಟ್ಟ ಈ ಕ್ರಮ ಹೆಚ್ಚು ನ್ಯಾಯವಾದದ್ದು.

ಕರ್ನಾಟಕದಿಂದ ಹೊರಡುವವರು ಇಲ್ಲೇ ಮಾಡಿಕೊಳ್ಳಬಹುದಾದ ಕೆಲಸ ಬಹಳಷ್ಟಿದೆ. ಐಟಿಐ ಸರ್ಟಿಫಿಕೇಟ್ ಜೊತೆಗೆ ಅಂಕಪಟ್ಟಿ ಮತ್ತು ಪಠ್ಯಕ್ರಮದ ಪ್ರತಿ ಇಟ್ಟುಕೊಳ್ಳಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆದಿದ್ದರೆ ಆ ಪ್ರಮಾಣಪತ್ರವೂ ಬೇಕು. ಈಗಿನ ಮಾಲೀಕರಿಂದಷ್ಟೇ ಅಲ್ಲ, ಹಳೆಯ ಮಾಲೀಕರಿಂದಲೂ ಅವರು ಸಿಗುವಾಗಲೇ ಪತ್ರ ಬರೆಸಿಕೊಳ್ಳಬೇಕು. ‘ವೈರಿಂಗ್ ಕೆಲಸ’ ಎಂದು ಬರೆಸಿದರೆ ಸಾಲದು. ಪ್ಯಾನೆಲ್ ಜೋಡಣೆ, ಮೋಟಾರ್ ಕಂಟ್ರೋಲ್, ಅರ್ತಿಂಗ್, ಫಾಲ್ಟ್ ಹುಡುಕುವುದು, ಡ್ರಾಯಿಂಗ್ ಓದುವುದು ಎಂದು ಬಿಡಿಬಿಡಿಯಾಗಿ, ಗಂಟೆಗಳ ಸಮೇತ ಇರಬೇಕು. ಪಿಎಫ್ ಪಾಸ್‌ಬುಕ್, ಬ್ಯಾಂಕಿಗೆ ಬಂದ ಸಂಬಳದ ವಿವರ ಈ ಪತ್ರಗಳಿಗೆ ಬಲ ಕೊಡುತ್ತವೆ. ಸ್ವಂತ ಕಂಟ್ರಾಕ್ಟ್ ಮಾಡಿದವರು ಬಿಲ್ಲು, ತೆರಿಗೆ ಕಾಗದ, ಗ್ರಾಹಕರ ಪತ್ರಗಳನ್ನು ಜೋಡಿಸಿಕೊಳ್ಳಬೇಕು.

ದಾರಿ ಕೇಳಲು ರಾಜ್ಯ ಸರ್ಕಾರದ ಕೌಶಲಾಭಿವೃದ್ಧಿ ನಿಗಮದ ಅಡಿಯಲ್ಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್–ಕರ್ನಾಟಕ ಇದೆ. ಖಾಸಗಿ ಏಜೆಂಟರ ಬಳಿ ಹೋಗುವವರು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಮೊದಲು ನೋಡಬೇಕು. ನೋಂದಾಯಿತ ಏಜೆಂಟರು ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಕೆನಡಾ ವಲಸೆಯ ಸಲಹೆಗೆ ಹಣ ಕೇಳುವವರು ವಕೀಲರಲ್ಲದಿದ್ದರೆ ಸಾಮಾನ್ಯವಾಗಿ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಣಿ ಮಾಡಿಸಿರಬೇಕು. ಕೆಲಸ ಕೊಡಿಸಿದ್ದಕ್ಕೆಂದು ವಿದೇಶಿ ಕೆಲಸಗಾರರಿಂದ ಹಣ ವಸೂಲು ಮಾಡುವುದನ್ನು ಒಂಟಾರಿಯೊ 2009ರ ಕಾಯ್ದೆಯಲ್ಲಿ ನಿಷೇಧಿಸಿದೆ. ಏಜೆಂಟ್ ಕೇಳಿದರೂ ಮಾಲೀಕನೇ ಕೇಳಿದರೂ ಅದು ಕಾನೂನುಬಾಹಿರ, ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.