ನಿಮಗಿದು ಗೊತ್ತೇ? ವೇಪ್‌ನೊಳಗಿನ ಸೆಲ್‌ನ ಸಂಗತಿ

ಇ-ಸಿಗರೇಟು, ಅಂದರೆ ವೇಪ್ ಸಾಧನದಲ್ಲಿ ಕಳಚಿ ಹಾಕುವ ಬ್ಯಾಟರಿಯಿದ್ದರೆ ಅದು ಸಾಮಾನ್ಯವಾಗಿ ‘18650’ ಎಂಬ ಲಿಥಿಯಂ-ಅಯಾನ್ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಕೊನೆಯ ಸೊನ್ನೆ ಕೊಳವೆಯಾಕಾರದ ಗುರುತು. ಎಷ್ಟೋ ಟಾರ್ಚ್, ಪವರ್ ಬ್ಯಾಂಕ್‌ಗಳ ಹೊಟ್ಟೆಯಲ್ಲೂ ಇದೇ ಇರುತ್ತದೆ. ಟೆಸ್ಲಾದ ಮೊದಲ ಕಾರು ‘ರೋಡ್‌ಸ್ಟರ್’ ಓಡಿದ್ದು ಇಂಥ 6,831 ಸೆಲ್‌ಗಳಿಂದ.

2009ರಿಂದ 2016ರ ನಡುವೆ ಮಾಧ್ಯಮಗಳಲ್ಲಿ ವರದಿಯಾದ ಇ-ಸಿಗರೇಟು ಬೆಂಕಿ-ಸ್ಫೋಟಗಳನ್ನು ಅಮೆರಿಕದ ಅಗ್ನಿಶಾಮಕ ಆಡಳಿತ ಲೆಕ್ಕಹಾಕಿತು. ಸಿಕ್ಕವು 195. ಸೇದುತ್ತಿದ್ದಾಗ ಆದವು 60, ಚಾರ್ಜಿಗೆ ಹಾಕಿದ್ದಾಗ 48. ಸಾಧನವೋ ಬಿಡಿ ಸೆಲ್ಲೋ ಸುಮ್ಮನೆ ಜೇಬಿನಲ್ಲಿದ್ದಾಗ ಆದವು 61!

ಜೇಬಿನಲ್ಲೇಕೆ? ಋಣಧ್ರುವ ಸೆಲ್‌ನ ಬುಡದಲ್ಲಿ ಮಾತ್ರ ಇರುತ್ತದೆಂದು ಹಲವರ ನಂಬಿಕೆ. ನಿಜಕ್ಕೂ ಇಡೀ ಲೋಹದ ಕವಚವೇ ಋಣ. ತಲೆಯ ಮೇಲಿನ ಧನಧ್ರುವಕ್ಕೂ ಕವಚಕ್ಕೂ ನಡುವಿನ ಅಂತರ ತೀರಾ ಕಿರಿದು. ಬೀಗದ ಕೈ, ಚಿಲ್ಲರೆ ನಾಣ್ಯ ಅಲ್ಲಿ ಅಡ್ಡಬಿದ್ದರೆ ಶಾರ್ಟ್ ಆಗುತ್ತದೆ. ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಇನ್ನೂ ಸುಲಭ. ಬಿಡಿ ಸೆಲ್‌ಗೆ ಪ್ಲಾಸ್ಟಿಕ್ ಡಬ್ಬಿ ಬೇಕೇ ಬೇಕು.

ಹೊಸಬರು ಅಂಗಡಿಯಲ್ಲಿ ಮೊದಲು ನೋಡುವುದು ಮಿಲಿಆಂಪಿಯರ್-ಅವರ್ ಅಂಕಿಯನ್ನು. ಅದು ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದಷ್ಟೇ ಹೇಳುತ್ತದೆ. ಸುರಕ್ಷತೆಗೆ ಬೇಕಾದ್ದು ಆಂಪಿಯರ್: ಮಿತಿಮೀರಿ ಬಿಸಿಯಾಗದೆ, ಸತತವಾಗಿ ಎಷ್ಟು ವಿದ್ಯುತ್ ಕೊಡಬಲ್ಲದು ಎಂಬ ಮಿತಿ. ಇವೆರಡೂ ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧ. ಸ್ಯಾಮ್‌ಸಂಗ್‌ನ ‘25ಆರ್’ ಸೆಲ್‌ನ ಸಾಮರ್ಥ್ಯ 2,500, ಮಿತಿ 20 ಆಂಪಿಯರ್. ಅದೇ ಕಂಪನಿಯ ‘35ಇ’ ಸಾಮರ್ಥ್ಯ 3,500, ಮಿತಿ ಮಾತ್ರ ಬರೇ 8. ಈಗ ಗುಣಿಸಿ-ಭಾಗಿಸಿ ನೋಡಿ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್, ಅದಕ್ಕೆ ನೇರವಾಗಿ 0.2 ಓಮ್ ಕಾಯಿಲ್ (ವೇಪ್‌ನ ದ್ರವ ಕಾಯಿಸುವ ಸುರುಳಿ) ಜೋಡಿಸಿದರೆ ಹರಿಯುವುದು 21 ಆಂಪಿಯರ್. 0.1 ಓಮ್ ಆದರೆ 42! ಹೆಚ್ಚು ಬಾಳಿಕೆಯ ಆಸೆಗೆ ಕೊಂಡ ಸೆಲ್ಲೇ ಇಲ್ಲಿ ಬೇಗ ಸೋಲುತ್ತದೆ.

ಲೇಬಲ್ ಮೇಲೆ ಸಾಮರ್ಥ್ಯ ‘9,900’ ಎಂದಿದೆಯೇ? ಸುಳ್ಳು. ಅಷ್ಟನ್ನು ಹಿಡಿಸುವ 18650 ಸೆಲ್ ಜಗತ್ತಿನಲ್ಲೇ ಇಲ್ಲ.

‘ಮೆಕ್ಯಾನಿಕಲ್ ಮಾಡ್’ ಎಂಬ ಬಗೆಯ ಸಾಧನದಲ್ಲಿ ರಕ್ಷಣೆಯ ಸರ್ಕ್ಯೂಟೇ ಇರುವುದಿಲ್ಲ. ಗುಂಡಿ ಒತ್ತಿದರೆ ಸೆಲ್‌ನಿಂದ ಕಾಯಿಲ್‌ಗೆ ನೇರ ದಾರಿ. ಹೊಸಬರು ಇದರ ಗೊಡವೆಗೇ ಹೋಗಬಾರದು.

2021ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬಿಡಿ 18650 ಸೆಲ್‌ಗಳನ್ನು ಕೊಳ್ಳಲೇಬೇಡಿ ಎಂದಿತು. ಅವು ಬ್ಯಾಟರಿ ಪ್ಯಾಕ್‌ಗಳ ಬಿಡಿಭಾಗವಾಗಿ ತಯಾರಾದವು, ಜನರ ಕೈಗೆ ಒಂದೊಂದಾಗಿ ಮಾರಲಿಕ್ಕಲ್ಲ. ಇದಕ್ಕಿಂತ ಸ್ಪಷ್ಟವಾದ ಸಲಹೆ ನನಗೆ ಕಂಡಿಲ್ಲ. ವೇಪ್ ಕಾನೂನುಬದ್ಧವಾಗಿರುವ ದೇಶದಲ್ಲಿ, ಬೀಡಿ-ಸಿಗರೇಟು ಬಿಡಲೆಂದೇ ಅದನ್ನು ಹಿಡಿಯುವವರಿಗೆ ಸೆಲ್ ಒಳಗೇ ಅಡಕವಾಗಿ, ರಕ್ಷಣೆಯ ಸರ್ಕ್ಯೂಟ್ ಇರುವ ಸಾಧನವೇ ಮೇಲು. ಸೇದದವರು ಇದನ್ನು ಮುಟ್ಟುವುದೇ ಬೇಡ. ನಿಕೋಟಿನ್ ಚಟ ಹಿಡಿಸುತ್ತದೆ.

ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯಿಂದ ಇಡೀ ದೇಶದಲ್ಲಿ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ತಡೆ ಬಿತ್ತು. ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲಂಡನ್ನಿನಂಥ ಕಡೆಯಿಂದ ವೇಪ್ ಹಿಡಿದು ಊರಿಗೆ ಬರುವ ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ.

ಬ್ರಿಟನ್ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಲ್ಲಿಸಿತು. ಅವುಗಳ ಒಳಗೂ ಲಿಥಿಯಂ ಬ್ಯಾಟರಿ ಇದ್ದು, ಕಸದ ಲಾರಿಗಳಲ್ಲಿ ಜಜ್ಜಿಹೋಗಿ ಬೆಂಕಿ ಹೊತ್ತುತ್ತಿತ್ತು.

ಟಾರ್ಚ್‌ನದಾಗಲಿ, ಪವರ್ ಬ್ಯಾಂಕ್‌ನದಾಗಲಿ, ಜಜ್ಜಿದ, ಸೋರಿದ, ಚಾರ್ಜಿನಲ್ಲಿ ಕೈಸುಡುವಷ್ಟು ಕಾಯುವ ಸೆಲ್ಲನ್ನು ಮತ್ತೆ ಬಳಸಬೇಡಿ. ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ, ಹಸಿ ಕಸ-ಒಣ ಕಸದ ಬುಟ್ಟಿಗಲ್ಲ.