ಹತ್ತನೇ ನಂಬರಿನ ಮನೆ

ಬೆಲ್ಜಿಯಂನಲ್ಲಿ ಫುಟ್‌ಬಾಲ್ ಕ್ಲಬ್ಬಿನ ಹೆಸರು ಬದಲಾಗಬಹುದು, ಜೆರ್ಸಿಯ ಬಣ್ಣ ಬದಲಾಗಬಹುದು, ಮಾಲೀಕರಂತೂ ಬದಲಾಗುತ್ತಲೇ ಇರುತ್ತಾರೆ. ಕ್ಲಬ್ಬಿನ ಜೊತೆ ಹುಟ್ಟಿ ಕ್ಲಬ್ಬಿನ ಜೊತೆಗೇ ಹೋಗುವುದು ಒಂದು ಸಂಖ್ಯೆ. 1926ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಘ ತನ್ನ ಸದಸ್ಯ ಕ್ಲಬ್ಬುಗಳಿಗೆ ಹಿರಿತನದ ಮೇರೆಗೆ ನೋಂದಣಿ ಸಂಖ್ಯೆಗಳನ್ನು ಕೊಟ್ಟಿತು. ಜನ ಅದನ್ನು ‘ಮಾತ್ರಿಕ್ಯೂಲ್’ ಅನ್ನುತ್ತಾರೆ. ಆಂಟ್‌ವರ್ಪ್‌ಗೆ 1, ಬ್ರಸೆಲ್ಸ್‌ನ ಡೇರಿಂಗ್‌ಗೆ 2, ಕ್ಲಬ್ ಬ್ರೂಜ್‌ಗೆ 3. ಕ್ಲಬ್ ದಿವಾಳಿ ಎದ್ದರೆ ಸಂಖ್ಯೆಯೂ ಅಳಿಸಿಹೋಗುತ್ತದೆ. ಅದೇ ಬೀದಿಯಲ್ಲಿ ಅದೇ ಬಣ್ಣದ ಹೊಸ ಕ್ಲಬ್ ಕಟ್ಟಿಕೊಂಡರೂ ಹಳೆಯ ಗೆಲುವುಗಳ ಮೇಲೆ ಅದಕ್ಕೆ ಹಕ್ಕಿಲ್ಲ. ಹಾಗಾಗಿ ಬೆಲ್ಜಿಯಂನ ಅಭಿಮಾನಿಗಳು ಈ ಸಂಖ್ಯೆಯನ್ನು ಮನೆತನದ ಹೆಸರಿನಂತೆ ಕಾಪಾಡಿಕೊಳ್ಳುತ್ತಾರೆ.

ಹತ್ತನೇ ಸಂಖ್ಯೆ ರಾಯಲ್ ಯೂನಿಯನ್ ಸೇನ್-ಜಿಲ್ವಾಜ್ ಕ್ಲಬ್ಬಿನದು. ಊರಿನವರ ಬಾಯಲ್ಲಿ ಬರೀ ‘ಯೂನಿಯನ್’. ಐವತ್ತು ವರ್ಷಗಳ ಹತ್ತಿರ ಹತ್ತಿರ ಕೆಳದರ್ಜೆಗಳಲ್ಲಿ ಕಳೆದು, ತೊಂಬತ್ತು ವರ್ಷಗಳ ನಂತರ ಮತ್ತೆ ರಾಷ್ಟ್ರದ ಚಾಂಪಿಯನ್ ಆದ ಕ್ಲಬ್ ಇದು. ಆ ಗೆಲುವಿಗಿಂತ ನನ್ನನ್ನು ಹೆಚ್ಚು ಕಾಡುವುದು ನಡುವಿನ ಆ ಉದ್ದನೆಯ ಬರಗಾಲ. ಗೆಲುವೇ ಇಲ್ಲದ ಕಾಲದಲ್ಲಿ ಒಂದು ಕ್ಲಬ್ಬನ್ನು ಜೀವಂತ ಇಡುವುದು ಯಾವುದು?

ಬ್ರಸೆಲ್ಸ್ ನಗರ ಪ್ರದೇಶ 19 ಪುರಸಭೆಗಳ ಗುಂಪು. ಅವುಗಳಲ್ಲೊಂದು ಸೇನ್-ಜೀಲ್. ವಾಸ್ತುಶಿಲ್ಪಿ ವಿಕ್ಟರ್ ಹೋರ್ಟಾ ತನಗಾಗಿ ಕಟ್ಟಿಕೊಂಡ ಮನೆ ಇರುವುದು ಇಲ್ಲಿ. ಬೇರೆ ಬೇರೆ ದೇಶಗಳಿಂದ ಬಂದವರು ಒತ್ತೊತ್ತಾಗಿ ನೆಲೆಸಿರುವುದೂ ಇಲ್ಲಿಯೇ. 1897ರ ನವೆಂಬರ್ 1ರಂದು ಕ್ಲಬ್ ಹುಟ್ಟಿತು. ಏಳು ವರ್ಷಕ್ಕೆ, 1904ರಲ್ಲಿ, ಮೊದಲ ಲೀಗ್ ಪ್ರಶಸ್ತಿ ಗೆದ್ದಿತು. ಅಲ್ಲಿಂದ 1907ರವರೆಗೆ ಸತತ ನಾಲ್ಕು ವರ್ಷ ಅದೇ ಚಾಂಪಿಯನ್. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಏಳು ಪ್ರಶಸ್ತಿಗಳು ಬಂದಾಗಿತ್ತು.

ನಿಜವಾದ ದಂತಕಥೆ 1930ರ ದಶಕದ್ದು. 1933, 34, 35, ಮೂರು ವರ್ಷ ಸತತ ಚಾಂಪಿಯನ್. ಆ ಅವಧಿಯಲ್ಲಿ ಜೂಲ್ ಪಾಪಾರ್ಟ್ ನಾಯಕತ್ವದ ತಂಡ ಲೀಗ್‌ನಲ್ಲಿ ಸಾಲಾಗಿ 60 ಪಂದ್ಯ ಸೋಲದೆ ಆಡಿತು. ಆ ತಂಡಕ್ಕೆ ‘ಯೂನಿಯನ್ 60’ ಎಂಬ ಹೆಸರೇ ನಿಂತುಹೋಯಿತು. ಬೆಲ್ಜಿಯಂನಲ್ಲಿ ಈ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಋತುವಿನಲ್ಲಿ ಅತಿ ಹೆಚ್ಚು ಪಂದ್ಯ ಅಜೇಯವಾಗಿ ಉಳಿದ ತಂಡಕ್ಕೆ ಅಲ್ಲಿ ಕೊಡುವ ಟ್ರೋಫಿಗೆ ಪಾಪಾರ್ಟ್ ಹೆಸರೇ ಇದೆ. ಕೊನೆಗೆ 1935ರ ಫೆಬ್ರುವರಿಯಲ್ಲಿ ಆ ಸರಣಿ ಮುರಿದದ್ದು ಬೇರೆ ಯಾರೂ ಅಲ್ಲ, ಅದೇ ಊರಿನ ಡೇರಿಂಗ್.

ಡೇರಿಂಗ್ ಬಗ್ಗೆ ಹೇಳದೆ ಯೂನಿಯನ್ ಕಥೆ ಮುಂದೆ ಸಾಗುವುದಿಲ್ಲ. ಮೋಲೆನ್‌ಬೇಕ್ ಭಾಗದ ಆ ಕ್ಲಬ್ಬಿಗೂ ಯೂನಿಯನ್‌ಗೂ ನಡೆಯುತ್ತಿದ್ದ ಪಂದ್ಯ ಊರನ್ನೇ ಎರಡು ಪಾಲು ಮಾಡುತ್ತಿತ್ತು. ಬ್ರಸೆಲ್ಸ್‌ನ ಜನರಿಗೆ ತಮ್ಮದೇ ಆದ ಒಂದು ಹಾಸ್ಯವಿದೆ, ಅದನ್ನು ‘ಜ್ವಾನ್ಜ್’ ಅನ್ನುತ್ತಾರೆ: ಎದುರಿಗಿದ್ದವನನ್ನು ಕಿಚಾಯಿಸುತ್ತಲೇ ಅವನ ಹೆಗಲ ಮೇಲೆ ಕೈ ಹಾಕುವ ಬಗೆ. ಈ ಪಂದ್ಯಕ್ಕೂ ಅದೇ ಹೆಸರು, ಜ್ವಾನ್ಜ್ ಡರ್ಬಿ. 1938ರಲ್ಲಿ ಈ ಪೈಪೋಟಿಯೇ ‘ಬೊಸ್ಮನ್ಸ್ ಎ ಕೊಪೆನೊಲ್’ ಎಂಬ ಹಾಸ್ಯ ನಾಟಕವಾಯಿತು. ರೋಮಿಯೋ–ಜೂಲಿಯೆಟ್ ಕಥೆಯ ಜಾಡಿನಲ್ಲೇ ಸಾಗುವ ನಾಟಕ ಅದು. ಎರಡು ಮನೆಗಳ ನಡುವಿನ ಜಗಳಕ್ಕೆ ಕಾರಣ ಮಾತ್ರ ಯೂನಿಯನ್ ಮತ್ತು ಡೇರಿಂಗ್. ಅದರಲ್ಲಿ ಬರುವ ಮದಾಮ್ ಶಾಪೊ ಎಂಬ ಟೋಪಿಯ ಹೆಂಗಸಿನ ಪಾತ್ರವನ್ನು ಹೆಚ್ಚಾಗಿ ಗಂಡಸರೇ ಹಾಕುತ್ತ ಬಂದಿದ್ದಾರೆ. ನಗರದ ನಡುಭಾಗದ ಬೀದಿಯೊಂದರಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತಿದೆ. ಫುಟ್‌ಬಾಲ್ ಪೈಪೋಟಿಯಿಂದ ಹುಟ್ಟಿದ ನಾಟಕದ ಪಾತ್ರವೊಂದು ಊರಿನ ಪ್ರತಿಮೆಯಾಗುವಷ್ಟು ಈ ಆಟ ಅಲ್ಲಿನ ಮನೆಮಾತಾಗಿತ್ತು.

1935ರ ನಂತರ ಪ್ರಶಸ್ತಿ ಬರಲಿಲ್ಲ. ಪಕ್ಕದ ಆಂಡರ್ಲೆಖ್ಟ್ ಕ್ಲಬ್ 1947ರಲ್ಲಿ ಮೊದಲ ಸಲ ಚಾಂಪಿಯನ್ ಆಗಿ, ಮುಂದೆ ದೇಶದಲ್ಲೇ ಅತಿ ಹೆಚ್ಚು ಪ್ರಶಸ್ತಿ ಗೆದ್ದ ಕ್ಲಬ್ ಆಗಿ ಬೆಳೆಯಿತು. ಯೂನಿಯನ್ ಮಧ್ಯೆ ಒಮ್ಮೆ ತಲೆ ಎತ್ತಿದ್ದುಂಟು: 1958–60ರ ಫೇರ್ಸ್ ಕಪ್ ಟೂರ್ನಿಯಲ್ಲಿ ರೋಮಾ ತಂಡವನ್ನು ಮಣಿಸಿ ಸೆಮಿಫೈನಲ್ ತಲುಪಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿಗೆ ಸೋತಿತು. 1973ರಲ್ಲಿ ಮೊದಲ ದರ್ಜೆಯಿಂದಲೇ ಜಾರಿತು. ಅದೇ ವರ್ಷ ಡೇರಿಂಗ್ ಇನ್ನೊಂದು ಕ್ಲಬ್ಬಿನ ಜೊತೆ ವಿಲೀನವಾಯಿತು. ಹೊಸ ಕ್ಲಬ್ ಆ ಇನ್ನೊಂದರ ಸಂಖ್ಯೆಯನ್ನೇ ಉಳಿಸಿಕೊಂಡದ್ದರಿಂದ 2 ಎಂಬ ಸಂಖ್ಯೆ ಚರಿತ್ರೆಗೆ ಸೇರಿತು. ಹೀಗೆ ಒಂದೇ ವರ್ಷ ಒಬ್ಬ ಹಳೆಯ ಎದುರಾಳಿ ಇಲ್ಲವಾದ, ಇನ್ನೊಬ್ಬ ಕೆಳಗಿಳಿದ.

ಆಮೇಲೆ ಎರಡನೇ ದರ್ಜೆ, ಮೂರನೇ ದರ್ಜೆ, ಒಂದಷ್ಟು ಕಾಲ ನಾಲ್ಕನೆಯದೂ. ಬ್ರಸೆಲ್ಸ್‌ನಲ್ಲಿ ಆ ದಶಕಗಳಲ್ಲಿ ಕ್ಲಬ್ಬುಗಳು ಒಂದರೊಳಗೊಂದು ಸೇರಿ ಕರಗುತ್ತಿದ್ದವು. ಯೂನಿಯನ್ ಮಾತ್ರ ಯಾರ ಜೊತೆಯೂ ಸೇರಲಿಲ್ಲ, ಸಂಖ್ಯೆ ಕಳೆದುಕೊಳ್ಳಲಿಲ್ಲ, ಮನೆಯನ್ನೂ ಬಿಡಲಿಲ್ಲ.

ಆ ಮನೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕ್ಲಬ್ಬಿನ ಹೆಸರು ಸೇನ್-ಜೀಲ್‌ನದಾದರೂ ಮೈದಾನ ಇರುವುದು ನೆರೆಯ ಫೊರೆ ಪುರಸಭೆಯಲ್ಲಿ, ಡ್ಯೂಡನ್ ಉದ್ಯಾನದ ಇಳಿಜಾರಿಗೆ ಒತ್ತಿಕೊಂಡಂತೆ. ಕಸೂತಿ ಲೇಸ್ ವ್ಯಾಪಾರದಲ್ಲಿ ಹಣ ಮಾಡಿದ ಡ್ಯೂಡನ್ ಎಂಬಾತ ದೊರೆ ಎರಡನೇ ಲಿಯೊಪೋಲ್ಡ್‌ಗೆ ಬಿಟ್ಟುಹೋದ ಜಾಗ ಆ ಉದ್ಯಾನ. 1919ರಿಂದ ಇದೇ ಯೂನಿಯನ್‌ನ ಮನೆ. ಕ್ಲಬ್ಬಿನ ಅಧ್ಯಕ್ಷನಾಗಿದ್ದ ಜೋಸೆಫ್ ಮರಿಯನ್ ಹೆಸರು ಮೈದಾನಕ್ಕೆ ಬಂದದ್ದು ಆಮೇಲೆ. ರಸ್ತೆಯ ಕಡೆ ಮುಖ ಮಾಡಿರುವ ಮುಖ್ಯ ಗ್ಯಾಲರಿ 1926ರದ್ದು. ಆರ್ಟ್ ಡೆಕೊ ಶೈಲಿಯ ಗೋಡೆ, ಅದರ ಮೇಲೆ ಆಟಗಾರರ ಉಬ್ಬುಶಿಲ್ಪಗಳು. ದೂರದಿಂದ ನೋಡಿದರೆ ಹಳೆಯ ಸಿನಿಮಾ ಟಾಕೀಸೋ ಪುರಸಭೆಯ ಕಟ್ಟಡವೋ ಅನ್ನಿಸುತ್ತದೆ. ಆ ಮುಂಭಾಗ ಈಗ ಸಂರಕ್ಷಿತ ಸ್ಮಾರಕ. ಎದುರು ಬದಿಯಲ್ಲಿ ಪ್ರೇಕ್ಷಕರು ನಿಂತು ಆಟ ನೋಡುವ ಮೆಟ್ಟಿಲುಗಳು, ಅದರ ಬೆನ್ನಿಗೆ ಕಾಡಿನಂತಹ ಮರಗಳು. ಹಿಡಿಸುವುದು ಹತ್ತು ಸಾವಿರದೊಳಗಿನ ಜನವನ್ನು ಮಾತ್ರ. ಹಳದಿ–ನೀಲಿ ಶಾಲು ಹೊದ್ದವರು ಆ ಉದ್ಯಾನದ ಇಳಿಜಾರು ಹಾದಿಯಲ್ಲಿ ನಡೆದೇ ಪಂದ್ಯಕ್ಕೆ ಬರುತ್ತಾರೆ. ಇಂಥ ಮೈದಾನವನ್ನು ಕಳೆದುಕೊಂಡಿದ್ದರೆ ಯೂನಿಯನ್ ಬದುಕುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಮೂರನೇ ದರ್ಜೆಯ ಪಂದ್ಯಕ್ಕೂ ಅಪ್ಪ ಮಗನ ಕೈಹಿಡಿದು ಬರಲು ಒಂದು ಜಾಗವಿತ್ತು, ಬಂದಾಗ ನೋಡಲು ಅದೇ ಗೋಡೆಯಿತ್ತು.

2018ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬಿನ ಒಡೆಯ ಟೋನಿ ಬ್ಲೂಮ್, ಅಲೆಕ್ಸ್ ಮುಜಿಯೊ ಜೊತೆಗೂಡಿ ಯೂನಿಯನ್ ಖರೀದಿಸಿದರು. ಬ್ಲೂಮ್ ಅಂಕಿ–ಅಂಶಗಳ ಲೆಕ್ಕಾಚಾರದಿಂದ ಬೆಟ್ಟಿಂಗ್‌ನಲ್ಲಿ ಹೆಸರು ಮಾಡಿದವರು. ಅದೇ ಲೆಕ್ಕವನ್ನು ಆಟಗಾರರ ಆಯ್ಕೆಗೂ ಬಳಸಿದರು. ಜರ್ಮನಿಯ ಮೂರನೇ ದರ್ಜೆಯ ಮೆಪ್ಪೆನ್ ತಂಡದಿಂದ ಬಂದ ಡೆನಿಜ್ ಉಂಡಾವ್ ಎರಡೇ ವರ್ಷದಲ್ಲಿ ಬೆಲ್ಜಿಯಂನ ಅಗ್ರ ಗೋಲುಗಾರನಾದ, ಮುಂದೆ ಜರ್ಮನಿ ರಾಷ್ಟ್ರೀಯ ತಂಡಕ್ಕೂ ಹೋದ. ನಾರ್ವೆಯಿಂದ ಬಂದ ನೈಜೀರಿಯಾದ ವಿಕ್ಟರ್ ಬೊನಿಫೇಸ್ ಒಂದೇ ಋತುವಿನಲ್ಲಿ ಮಿಂಚಿ, 2023ರಲ್ಲಿ ಯೂರೋಪಾ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ ಯೂನಿಯನ್‌ನ್ನು ಸೋಲಿಸಿದ ಲೆವರ್‌ಕುಸನ್ ಕ್ಲಬ್ಬಿಗೇ ಹೋದ.

2021ರ ಮಾರ್ಚ್‌ನಲ್ಲಿ ಯೂನಿಯನ್ 48 ವರ್ಷಗಳ ಬಳಿಕ ಮೊದಲ ದರ್ಜೆಗೆ ಮರಳಿತು. ಮರುವರ್ಷವೇ ಲೀಗ್‌ನಲ್ಲಿ ಎರಡನೇ ಸ್ಥಾನ. ಆದರೆ ಪ್ರಶಸ್ತಿ ಮಾತ್ರ ಕೈಗೆ ಬಂದಂತೆ ಬಂದು ಜಾರುತ್ತಲೇ ಇತ್ತು. ಅತ್ಯಂತ ನೋವಿನದು 2023ರ ಜೂನ್ 4. ಮೂರು ತಂಡಗಳಿಗೆ ಚಾಂಪಿಯನ್ ಆಗುವ ಅವಕಾಶವಿದ್ದ ಕೊನೆಯ ದಿನ, ತನ್ನ ಮೈದಾನದಲ್ಲಿ ಕ್ಲಬ್ ಬ್ರೂಜ್ ವಿರುದ್ಧ ಯೂನಿಯನ್ ಕೊನೆಯ ನಿಮಿಷಗಳವರೆಗೂ 1–0 ಮುಂದಿತ್ತು. ಆಮೇಲೆ ಮೂರು ಗೋಲು ಬಿಟ್ಟುಕೊಟ್ಟಿತು. ಅತ್ತ ಗೆಂಕ್‌ನಲ್ಲಿ ಆಂಟ್‌ವರ್ಪ್‌ನ ಟೋಬಿ ಆಲ್ಡರ್‌ವೈರೆಲ್ಡ್ ಹೆಚ್ಚುವರಿ ಸಮಯದಲ್ಲಿ ಹೊಡೆದ ಗೋಲಿನಿಂದ ಪ್ರಶಸ್ತಿ ಆಂಟ್‌ವರ್ಪ್‌ಗೆ ಹೋಯಿತು. ಮುಂದಿನ ವರ್ಷ ಅದೇ ಆಂಟ್‌ವರ್ಪ್‌ನ್ನು 1–0ಯಿಂದ ಮಣಿಸಿ ಯೂನಿಯನ್ ಬೆಲ್ಜಿಯನ್ ಕಪ್ ಎತ್ತಿತು. ಅದಕ್ಕೂ ಹಿಂದೆ ಆ ಕಪ್ ಗೆದ್ದದ್ದು 1914ರಲ್ಲಿ!

ಕೊನೆಗೆ 2025ರ ಮೇ 25. ಸೆಬಾಸ್ಟಿಯನ್ ಪೊಕೊನ್ಯೋಲಿ ತರಬೇತಿಯ ತಂಡ ಗೆಂಟ್ ವಿರುದ್ಧ 3–1 ಗೆದ್ದು ಹನ್ನೆರಡನೇ ಸಲ ಚಾಂಪಿಯನ್ ಆಯಿತು. ತೊಂಬತ್ತು ವರ್ಷ ಒಂದೂ ಲೀಗ್ ಪ್ರಶಸ್ತಿ ಇಲ್ಲದಿದ್ದರೂ ಬೆಲ್ಜಿಯಂನಲ್ಲಿ ಅತಿ ಹೆಚ್ಚು ಲೀಗ್ ಗೆದ್ದವರ ಪಟ್ಟಿಯಲ್ಲಿ ಅದು ಮೂರನೆಯದು. ಅಷ್ಟು ದೊಡ್ಡದಿತ್ತು ಅಜ್ಜಂದಿರ ಗಳಿಕೆ.

ಈಗಿನ ಚಿಂತೆ ಮನೆಯದೇ. ಸ್ಮಾರಕವಾದ ಗ್ಯಾಲರಿಯನ್ನು ಒಡೆಯುವಂತಿಲ್ಲ, ಯೂರೋಪಿಯನ್ ಟೂರ್ನಿಗಳ ನಿಯಮಕ್ಕೆ ಅದು ಹೊಂದುವುದಿಲ್ಲ. ಫೊರೆಯಲ್ಲೇ ಹೊಸ ಮೈದಾನ ಕಟ್ಟಲು ಕ್ಲಬ್ ಹಲವು ವರ್ಷಗಳಿಂದ ಪ್ರಯತ್ನಿಸುತ್ತಿದೆ. ಅಲ್ಲಿಯವರೆಗೆ ಯೂರೋಪಿನ ಪಂದ್ಯಗಳು ಬೇರೆಯವರ ಮೈದಾನಗಳಲ್ಲಿ, ಹಲವು ಆಂಡರ್ಲೆಖ್ಟ್ ಮೈದಾನದಲ್ಲಿ. 2023ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ್ನು 2–1ರಿಂದ ಸೋಲಿಸಿದ್ದು ಅಲ್ಲೇ. ಚಾಂಪಿಯನ್ಸ್ ಲೀಗ್‌ನ ತವರು ಪಂದ್ಯಗಳನ್ನು 2025–26ರಲ್ಲಿ ಆಡಿದ್ದೂ ಅಲ್ಲೇ. ಬಹುಕಾಲ ಆ ಮೈದಾನಕ್ಕೆ ಆಂಡರ್ಲೆಖ್ಟ್ ಅಧ್ಯಕ್ಷ ಕಾನ್ಸ್ಟಂಟ್ ವಾನ್‌ಡೆನ್ ಸ್ಟಾಕ್ ಹೆಸರಿತ್ತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಆತ ಆಟಗಾರನಾಗಿ ತೊಟ್ಟದ್ದು ಯೂನಿಯನ್‌ನ ಹಳದಿ–ನೀಲಿ ಜೆರ್ಸಿ.